ಪೆಟ್ಟಿಗೆಗೆ ಎರೆದ ಅಂಬಲಿ

ದೊಡವಾಡದ ಆಚೆ ಎರೆಹೊಲದ ಮೂಲೆಯಲ್ಲಿ ನಮ್ಮ ಕಂಪನಿಯ ಗ್ಯಾಸ್ ಪೈಪು ಸ್ವಲ್ಪ ದೂರ ನೆಲದ ಮೇಲೆ ಬರುತ್ತದೆ. ಅಲ್ಲಿ ಪೈಪಿನೊಳಗೆ ಒಂದು ಸೆನ್ಸರ್ ಇಳಿಸಿದ್ದೇವೆ. ಅದರ ತುದಿ ಸವೆದರೆ ಪೈಪಿನ ಒಳಮೈಯೂ ಸವೆಯುತ್ತಿದೆ ಎಂದರ್ಥ. ಬೇಲಿಯೊಳಗಿನ ಪೆಟ್ಟಿಗೆಯೊಂದು ಆ ಸುದ್ದಿಯನ್ನು ಬೈಲಹೊಂಗಲದ ಕಚೇರಿಗೆ ಕಳಿಸುತ್ತದೆ. ಅದನ್ನು ನೋಡುವುದು ನನ್ನ ಕೆಲಸ. ಬೇಲಿ ಕಾಯುತ್ತಿದ್ದವಳು ಪಕ್ಕದ ಹೊಲದವಳು, ಗಂಡ ತೀರಿದವಳು. ಆ ಪಗಾರದಲ್ಲೇ ಮಗಳ ಕಾಲೇಜು ನಡೆಯುತ್ತಿತ್ತು.

ಹೊಲಕ್ಕೆ ಎಡೆ ಚೆಲ್ಲುವ ಎಳ್ಳಮಾವಾಸ್ಯೆ ಮುಗಿದ ಮರುವಾರ ಸೆನ್ಸರಿನ ಸವೆತದ ಅಂಕಿ ಏರಿತು. ನಮ್ಮ ಕಚೇರಿಯ ಸಾಹೇಬರೂ ನಾನೂ ಜೀಪಿನಲ್ಲಿ ಹೋದೆವು. ಪೆಟ್ಟಿಗೆಗೆ ವಿಭೂತಿ ಬಳಿದಿತ್ತು, ಮೇಲೆ ಒಣಗಿದ ಅಂಬಲಿಗೆ ಇರುವೆ ಮುತ್ತಿದ್ದವು. ಸಾಹೇಬರಿಗೆ ಕಳ್ಳ ಸಿಕ್ಕಷ್ಟು ಖುಷಿ. ಆಕೆ ಏನೂ ಮುಚ್ಚಿಡಲಿಲ್ಲ.

“ಹೊಲಕ್ಕೆಲ್ಲಾ ಚರಗ ಚೆಲ್ಲಿದ್ನಿರಿ. ಹೊಲದಾಗ ನಿಂತದ್ದೆಲ್ಲಾ ಉಣಬೇಕಲ್ರೀ, ಇದನ್ನೊಂದ ಹೆಂಗ ಬಿಡೂದು?”

ಸಾಹೇಬರು ನಕ್ಕರು. ಆಕೆ ಕೊಟ್ಟ ಶೇಂಗಾ ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ತಿಂದರು. ಕೈಗೆ ನೀರು ಹಾಕಿದವಳೂ ಆಕೆಯೇ. ಕೈ ಒರೆಸಿಕೊಳ್ಳುತ್ತಾ, “ನಿನ್ನ ಅಂಬಲಿ ಒಳಗಿಳಿದು ಎಲ್ಲಾ ಕೆಟ್ಟೈತಿ, ನಾಳಿಂದ ಬರಬ್ಯಾಡ ನೀ” ಅಂದರು. ಉಂಡ ಮನೆಯ ಜಂತೆ ಎಣಿಸುವವರನ್ನು ಕಂಡಿದ್ದೆ. ಕೈ ಒಣಗುವ ಮೊದಲೇ ಜಂತೆ ಕೀಳುವವರನ್ನು ಅಂದೇ ಕಂಡೆ. ಆ ಮನುಷ್ಯನನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಪೆಟ್ಟಿಗೆ ಬಿಚ್ಚಿ ನೋಡಿದೆ. ಒಳಗೆ ಒಂದು ಹನಿಯೂ ಇಳಿದಿರಲಿಲ್ಲ. ಅಂಕಿ ಏರುತ್ತಲೇ ಹೋಯಿತು. ಕೊನೆಗೆ ಪರೀಕ್ಷೆಗೆಂದು ಪೈಪಿನೊಳಗೆ ಇಟ್ಟಿದ್ದ ಉಕ್ಕಿನ ಪಟ್ಟಿ ಹೊರಗೆ ತೆಗೆದಾಗ ಅದರ ಮೈ ತುಂಬ ಸಿಡುಬಿನ ಕಲೆಗಳಂಥ ಗುಳಿಗಳು. ಗ್ಯಾಸಿನ ಜೊತೆ ಬಂದ ನೀರು ಪೈಪಿನ ತಗ್ಗಿನಲ್ಲಿ ನಿಂತು ಅದನ್ನು ಒಳಗಿನಿಂದಲೇ ತಿನ್ನುತ್ತಿತ್ತು. ಆ ನೀರು ತೆಗೆಸುವ ಕೆಲಸವನ್ನು ಮುಂದೂಡುತ್ತ ಬಂದವರು ಸಾಹೇಬರೇ.

“ಆಕೀನ್ನ ವಾಪಸ್ ಕರಸೂಣ್ರಿ” ಅಂದೆ.

“ಆಕೀದು ತಪ್ಪಿಲ್ಲ ಅಂದ್ರ, ಮತ್ತ ಯಾರದಂತ ಮ್ಯಾಲಿನವ್ರು ಕೇಳ್ತಾರಪಾ. ಸುಮ್ನಿರು.”

ಮುಂದೆ ಒಂದು ದಿನ ಆಕೆ ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಜೊತೆಗಿದ್ದ ಮಗಳು ಕಾಲೇಜು ಬಿಟ್ಟು ಬಟ್ಟೆ ಅಂಗಡಿ ಸೇರಿದ್ದಳು. ಆಕೆ ಕೆಲಸದ ಮಾತೆತ್ತಲಿಲ್ಲ.

“ಪೈಪಿಗೆ ಈಗ ಆರಾಮ ಐತೇನ್ರಿ? ನನ್ನ ಕೈಲೆ ಊರಿಗೆ ಕೇಡ ಆಗಬಾರದಂತ ಸೋಮವಾರ ಒಪ್ಪತ್ತ ಹಿಡದೇನ್ರಿ.”

“ಅಕ್ಕಾರ, ನಿಮ್ಮ ಅಂಬಲಿಲೆ ಏನೂ ಆಗಿಲ್ರಿ. ಒಳಗ ನೀರ ನಿಂತು ಕೆಟ್ಟೈತಿ.”

ಆಕೆಯ ಮುಖ ಅರಳಿತು. ಮಗಳ ಕೈ ಹಿಡಿದುಕೊಂಡಳು.

“ಹಂಗಾರ ನಾಳಿಂದ ಕೆಲಸಕ್ಕ ಬರ್ಲೇನ್ರಿ?”

“ಬ್ಯಾಡ್ರಿ” ಅಂದೆ. “ತಪ್ಪು ನಿಮ್ಮದಂತ ಸಾಹೇಬ್ರು ಮ್ಯಾಲಿನವ್ರಿಗೆ ಬರದ ಕಳಿಸ್ಯಾರ.”