ಅಂಗೈಯಗಲದ ಮುಖವಾಡ

ಲಂಡನ್ನಿನ ಹೇಸ್‌ನಲ್ಲಿ ನಾವು ಬಾಡಿಗೆಗಿದ್ದ ಮನೆಯ ಮೇಲಿನ ಕೋಣೆಯನ್ನು ಐವರಿ ಕೋಸ್ಟ್‌ನಿಂದ ಬಂದ ಒಬ್ಬ ಹೆಂಗಸಿಗೆ ಒಳಬಾಡಿಗೆಗೆ ಕೊಟ್ಟಿದ್ದೆವು. ಐವತ್ತರ ಆಸುಪಾಸು, ಏರ್‌ಪೋರ್ಟ್ ಹತ್ತಿರದ ಹೋಟೆಲೊಂದರಲ್ಲಿ ರೂಮು ಗುಡಿಸಿ ಒರೆಸುವ ಕೆಲಸ. ಅವಳ ಕಿಟಕಿಕಟ್ಟೆಯ ಮೇಲೆ ಅಂಗೈಯಗಲದ ಮರದ ಮುಖವಾಡವಿತ್ತು. ಸೀಳಿದಂಥ ಕಣ್ಣು, ಉಬ್ಬಿದ ತುಟಿ, ಎಣ್ಣೆ ಕುಡಿದು ಕಪ್ಪಾದ ಹಣೆ. ಕೆಲಸಕ್ಕೆ ಹೊರಡುವ ಮುಂಚೆ ಅದರ ಬಾಯಿಗೆ ನಾಲ್ಕು ಅಗುಳು ಅನ್ನ ಮುಟ್ಟಿಸುತ್ತಿದ್ದಳು.

“ಇದರೊಳಗಿನ ದೈವ ನನ್ನ ಅಜ್ಜಿಯ ಕನಸಿಗೆ ಬಂದು, ನನಗೊಂದು ಮುಖ ಮಾಡಿಸಿಕೊಡು ಅಂತ ಕೇಳಿತಂತೆ,” ಎಂದು ಒಮ್ಮೆ ತನ್ನ ಹರುಕುಮುರುಕು ಇಂಗ್ಲಿಷಿನಲ್ಲಿ ಹೇಳಿದ್ದಳು. “ಅಲ್ಲಿವರೆಗೆ ಮುಖವಿಲ್ಲದೆ ಕಾಡಲ್ಲಿ ಅಲೀತಿತ್ತು.”

ಆ ಚಳಿಗಾಲ ನಮ್ಮ ಒಂದೂವರೆ ವರ್ಷದ ಮಗಳಿಗೆ ಬಂದ ಜ್ವರ ಮೂರು ದಿನವಾದರೂ ಇಳಿಯಲಿಲ್ಲ. ನನ್ನ ಗಂಡ ಮೇಲಿನ ಕೋಣೆಯತ್ತ ಬೆರಳು ತೋರಿಸಿದರು.

“ಅಂಥದ್ದನ್ನ ಮನೇಲಿಟ್ಕೊಂಡ್ರೆ ಇನ್ನೇನಾಗುತ್ತೆ? ತೆಗೆದು ಬಿಸಾಕು.”

“ಅವಳು ಕೇಳಿದ್ರೆ ಏನ್ರೀ ಹೇಳ್ಲಿ?”

“ಗೊತ್ತಿಲ್ಲ ಅನ್ನು, ಅಷ್ಟೆ.”

ಬೆಳಿಗ್ಗೆ ಅವಳು ಹೋದ ಮೇಲೆ ಮೆಟ್ಟಿಲು ಹತ್ತಿದೆ. ಬಾಗಿಲಿಗೆ ಬೀಗವಿರಲಿಲ್ಲ, ನಮ್ಮನ್ನು ನಂಬಿದ್ದಳು. ಯಾರೂ ಬಿಚ್ಚಿ ನೋಡಬಾರದೆಂದು ಮುಖವಾಡವನ್ನು ಮಗುವಿನ ಹೊಲಸು ಡೈಪರ್‌ನಲ್ಲಿ ಸುತ್ತಿ ಹೊರಗಿನ ಕಸದ ಬಿನ್‌ಗೆ ಹಾಕಿದೆ. ಸ್ವಲ್ಪ ಹೊತ್ತಿನಲ್ಲೇ ಕೌನ್ಸಿಲ್‌ನ ಕಸದ ಲಾರಿ ಬಂದು ಒಯ್ದಿತು. ಮಧ್ಯಾಹ್ನ ಜಿಪಿ ಡಾಕ್ಟರು ಮಗುವಿನ ಕಿವಿಯೊಳಗೆ ನೋಡಿ, ಸೋಂಕಾಗಿದೆ ಎಂದು ಔಷಧ ಬರೆದುಕೊಟ್ಟರು.

ಸಂಜೆ ಬಂದವಳು ಕೋಣೆಯನ್ನೆಲ್ಲ ಬುಡಮೇಲು ಮಾಡಿ ಕೆಳಗಿಳಿದು ಬಂದಳು.

“ನೀನೇನಾದರೂ ನೋಡಿದೆಯಾ?”

“ಇಲ್ಲ,” ಎಂದೆ.

ಅವಳು ಹೊರಗೆ ಹೋಗಿ, ಸಾಲುಮನೆಗಳ ಖಾಲಿ ಬಿನ್‌ಗಳಿಗೆ ಒಂದೊಂದಾಗಿ ತೋಳು ಇಳಿಸಿ ತಡಕಾಡಿದಳು. ನನ್ನ ಗಂಡ ಕಿಟಕಿಯಿಂದ ವಿಡಿಯೊ ಮಾಡುತ್ತಾ ನಕ್ಕರು. ನಾನೂ ನಕ್ಕೆ. ಆ ನಗುವನ್ನು ಅವರೊಬ್ಬರ ಮೇಲೆ ಹೊರಿಸಲಾರೆ.

ಮರುದಿನದಿಂದ ಅವಳು ಬರಿಯ ಕಿಟಕಿಕಟ್ಟೆಯ ಮೇಲೆ ಅನ್ನ ಇಡತೊಡಗಿದಳು. ಇಲಿ ಬರುತ್ತವೆಂದು ನೆಪ ತೆಗೆದು ಗಂಡ ಕೋಣೆ ಖಾಲಿ ಮಾಡಿಸಿದರು. ಹೊರಡುವಾಗ ಅವಳು ಮಗಳ ಹಣೆ ಮುಟ್ಟಿ ನೋಡಿದಳು.

“ಜ್ವರ ಇಳಿದಿದೆ. ಅದು ಕಾಣೆಯಾದ ದಿನ ಬೆಳಿಗ್ಗೆ ಇವಳಿಗೋಸ್ಕರವೇ ಅದರ ಹತ್ತಿರ ಬೇಡಿಕೊಂಡು ಹೋಗಿದ್ದೆ,” ಎಂದಳು. “ಸಿಕ್ಕರೆ ಫೋನ್ ಮಾಡು. ನಾನು ಬರುವವರೆಗೆ ಅದನ್ನು ಉಪವಾಸ ಕೆಡವಬೇಡ.”

ಆಗಲಿ ಎಂದು ತಲೆಯಾಡಿಸಿದೆ.

ಆಮೇಲೆ ಎರಡು ಸಲ ಅವಳೇ ಫೋನ್ ಮಾಡಿ, ಸಿಕ್ಕಿತಾ ಎಂದು ಕೇಳಿದಳು. ಎರಡು ಸಲವೂ, ಹುಡುಕುತ್ತಿದ್ದೇವೆ ಎಂದೆ. ಮೂರನೆಯ ಸಲ ಫೋನ್ ಎತ್ತದೆ ಅವಳ ನಂಬರನ್ನು ಬ್ಲಾಕ್ ಮಾಡಿದೆ.