ನಮ್ಮ ಪೈಕಿ ಒಬ್ಬಾಕಿ

ಮೊನ್ನೆ ಹಳೆಯ ಟ್ರಂಕು ತೆರೆದು ಶಾಲನ್ನು ಬಿಸಿಲಿಗೆ ಹರವುತ್ತಿದ್ದೆ. ಮಡಿಕೆಯಿಂದ ಒಂದು ನುಸಿಗುಳಿಗೆ ಉರುಳಿ ಬಿತ್ತು. ಸವೆದು ಸವೆದು ಕಡಲೆಕಾಳಿನಷ್ಟಾಗಿತ್ತು, ಆದರೆ ಅದರ ವಾಸನೆಗೇನೂ ವಯಸ್ಸಾಗಿರಲಿಲ್ಲ. ಅದು ಮೂಗಿಗೆ ಬಡಿದದ್ದೇ ತಡ, ಹುಡುಗಿಯರ ಶಾಲೆಯಲ್ಲಿ ಇಷ್ಟು ವರ್ಷ ಬೆತ್ತ ಹಿಡಿದು ಜೋರು ಮಾಡಿದ ನಾನು, ಹಾಲಿನ ಚರಿಗೆ ಹಿಡಿದು ಒಂದು ಹಿತ್ತಲ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ ಹೆಣ್ಣಾಗಿಬಿಟ್ಟೆ. ಹಗ್ಗದ ಮೇಲೆ ಬಿಸಿಲಿಗೆ ಹಾಕಿದ, ಇದೇ ವಾಸನೆಯ ಕರಿ ಕೋಟು, ಅದರ ಪಕ್ಕದಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತ ಕೂತ ಪ್ಲೀಡರಮ್ಮ...

ಓಣಿಯವರೆಲ್ಲ ಅವರನ್ನು ಕರೆಯುತ್ತಿದ್ದುದು ಹಾಗೆಯೇ. ಆಗ ನಮ್ಮ ಹೊಸಪೇಟೆ ಮದರಾಸಿನ ಆಳ್ವಿಕೆಯಲ್ಲಿತ್ತು. ಅವರ ಯಜಮಾನರು ಊರಿನ ಕೋರ್ಟಿನಲ್ಲಿ ಹೆಸರು ಮಾಡಿದ ಪ್ಲೀಡರು. ಮುಂಬಾಗಿಲಿನ ಕಟ್ಟೆಯ ಮೇಲೆ ಬೆಳಗಾಗುವುದೇ ತಡ ಕಕ್ಷಿಗಾರರು ಕೂತಿರುತ್ತಿದ್ದರು, ಎಲ್ಲರೂ ಗಂಡಸರು. ಮರ್ಯಾದಸ್ಥ ಮನೆಯ ಹೆಣ್ಣೊಬ್ಬಳು ಆ ಕಟ್ಟೆ ಹತ್ತಿದಳೆಂದರೆ ಸಂಜೆಯೊಳಗೆ ಸುದ್ದಿ ಕಂಪ್ಲಿ ಮುಟ್ಟುತ್ತಿತ್ತು. ಆದ್ದರಿಂದ ಹೆಂಗಸರಿಗೆ ಹಿತ್ತಲ ಬಾಗಿಲು. ಹೆಪ್ಪಿಗೆ ಮಜ್ಜಿಗೆ ಕೇಳುವ ನೆಪ, ಕರಿಬೇವಿನ ನೆಪ. ಬಂದು, ಮಳೆ ಬೆಳೆ ಮಾತಾಡಿ, ಹೊರಡುವಾಗ ತಿರುಗಿ ನಿಂತು ಒಂದು ಮಾತು ಶುರು ಮಾಡುತ್ತಿದ್ದರು: "ನಮ್ಮ ಪೈಕಿ ಒಬ್ಬಾಕಿ ಅದಾಳ್ರಿ ಅಮ್ಮಾರ..."

ತನ್ನದೇ ಕಷ್ಟ ಎಂದು ಯಾರೂ ಹೇಳುತ್ತಿರಲಿಲ್ಲ. ಎಲ್ಲರದೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತೇ. ನಮ್ಮ ಪೈಕಿ ಒಬ್ಬಾಕಿಗೆ ಮೈದುನ ಬರಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತು ಅನ್ನುತ್ತಾನಂತೆ. ನಮ್ಮ ಪೈಕಿ ಒಬ್ಬಾಕಿಯ ಬಂಗಾರವನ್ನು ಗಂಡ ಇಸಕೊಂಡು ಕೊಡಲೊಲ್ಲನಂತೆ. ಪ್ಲೀಡರಮ್ಮ ಕೇಳಿಸಿಕೊಂಡು, ಬೇಕಾದ ಎರಡು ಮಾತು ಕೇಳಿ ತಿಳಿದುಕೊಳ್ಳುತ್ತಿದ್ದರು. ಯಜಮಾನರು ಊಟಕ್ಕೆ ಕೂತು ಮಜ್ಜಿಗೆ ಅನ್ನಕ್ಕೆ ಬರುವ ಹೊತ್ತಿಗೆ ಅವರ ಮುಂದೆ ಅದನ್ನಿಟ್ಟು, ಮರುದಿನ ಉತ್ತರ ತರುತ್ತಿದ್ದರು. "ಬರಿ ಕಾಗದ ಮುಟ್ಟಲಿಕ್ಕೇ ಬ್ಯಾಡ ಅನ್ನವ್ವ ಅಕಿಗೆ. ಬರದದ್ದನ್ನೂ ಬ್ಯಾರೆಯವ್ರ ಕಡೆ ಓದಿಸಿ ಕೇಳ್ದ ಹೊರ್ತು ಹೆಬ್ಬೆಟ್ಟು ಒತ್ತಬಾರ್ದು." "ತವರಿನವ್ರು ಹಾಕಿದ ಬಂಗಾರ ಅಕೀದು. ಕಷ್ಟಕ್ಕಂತ ಗಂಡ ತೊಗೊಂಡ್ರೂ ತಿರುಗಿ ಕೊಡ್ಬೇಕು." ಕೇಳಿದವಳು, "ಹಂಗ ಹೇಳ್ತೀನ್ರಿ ಅಕಿಗೆ" ಎಂದು ಕಣ್ಣೊರೆಸಿಕೊಂಡು ಹೋಗುತ್ತಿದ್ದಳು. ಪರರ ಬಂಗಾರಕ್ಕೆ ಯಾರು ಅಳುತ್ತಾರೆ? ಪ್ಲೀಡರಮ್ಮನಿಗೆ ಅದು ತಿಳಿಯದ್ದಲ್ಲ. ತಿಳಿದದ್ದನ್ನು ಅವರು ಒಂದು ದಿನವೂ ಮುಖದ ಮೇಲೆ ತೋರಿಸಲಿಲ್ಲ.

ನಾನು ಆ ಹಿತ್ತಲಿಗೆ ಹೋದದ್ದು ಗಂಡನ ಮನೆ ಬಿಟ್ಟು ಬಂದ ಮೇಲೆ. ನನ್ನ ಗಂಡ ಕಂಪ್ಲಿಯವನು, ಕಬ್ಬು ಗದ್ದೆಯ ಮನೆತನ. ಹೊಸಪೇಟೆಯಲ್ಲಿ ಬೆಲ್ಲದ ದಲ್ಲಾಳಿ ಕೆಲಸ ಮಾಡುತ್ತ ಇಲ್ಲಿಯೇ ಬಾಡಿಗೆ ಮನೆ ಹಿಡಿದಿದ್ದ. ಅದೇ ಮನೆಗೆ ಇನ್ನೊಬ್ಬಳನ್ನು ತಂದು, ನನ್ನನ್ನು ದನದ ಕೊಟ್ಟಿಗೆಗೆ ಹಾಕಿದ. ಬಾಯಿ ಬಿಟ್ಟರೆ ಏಟು. ಒಂದು ದಿನ ಉಟ್ಟ ಸೀರೆಯಲ್ಲಿ ಅವ್ವನ ಮನೆಗೆ ಬಂದೆ. ಅಪ್ಪ ತೀರಿಕೊಂಡಿದ್ದ. ಅವ್ವ ಎಮ್ಮೆ ಸಾಕಿ, ಓಣಿಗೆ ಹಾಲು ಹಾಕಿ ಜೀವನ ಮಾಡುತ್ತಿದ್ದಳು. ಹಿರಿಯರು ನ್ಯಾಯಕ್ಕೆ ಕರೆದರೆ ಗಂಡ ಆ ಇನ್ನೊಬ್ಬಳನ್ನು ಕರೆದುಕೊಂಡು ಸೊಂಡೂರಿಗೆ ಹೋಗಿ ಕೂತ. ಸೊಂಡೂರು ರಾಜರ ಸೀಮೆ, ಬ್ರಿಟಿಷರ ಕಾಗದ ಅಲ್ಲಿ ನಡೆಯುವುದಿಲ್ಲ, ನೀವು ಏನು ಕಿಸಿಯುತ್ತೀರೋ ಕಿಸೀರಿ ಎಂದು ಹೇಳಿ ಕಳಿಸಿದನಂತೆ.

ಹಾಲು ಹಾಕಲು ಅವ್ವನ ಬದಲು ನಾನು ಹೋಗತೊಡಗಿದೆ. ಗಂಡ ಬಿಟ್ಟವಳು ಎಂದು ಕಟ್ಟೆಯ ಮೇಲಿನವರು ಕಣ್ಣು ಕೀಳದೆ ನೋಡುವರು. ಅವಮಾನಕ್ಕೆ ಸಂದಿಯಲ್ಲೇ ಸುತ್ತಿ ಹೋಗುತ್ತಿದ್ದೆ. ಪ್ಲೀಡರಮ್ಮನ ಮುಂದೆ ಎಷ್ಟೋ ಸಲ ಬಾಯಿಗೆ ಬಂದ ಮಾತು ನುಂಗಿದ ಮೇಲೆ ಒಂದು ಬೆಳಗ್ಗೆ, ಚರಿಗೆಯನ್ನೇ ನೋಡುತ್ತ, ನಮ್ಮ ಪೈಕಿ ಒಬ್ಬಾಕಿ ಎಂದು ಶುರು ಮಾಡಿ ಎಲ್ಲ ಹೇಳಿದೆ. ಅವರು ಅಕ್ಕಿಯಿಂದ ತಲೆ ಎತ್ತಲಿಲ್ಲ.

"ಗಂಡ ಹೆಂಡತಿ ಕೊನೀಗೆ ಒಂದ ಮನ್ಯಾಗ ಇದ್ದದ್ದು ಯಾವೂರಾಗಂತ?"

"ಇಲ್ಲೇ ಅಂತ್ರಿ."

ಮರುದಿನ ಉತ್ತರ ಬಂತು. ಅವನು ರಾಜರ ಸೀಮೆಗಾದರೂ ಹೋಗಲಿ, ನಿಜಾಮರ ಸೀಮೆಗಾದರೂ ಹೋಗಲಿ, ಇಬ್ಬರೂ ಕೊನೆಗೆ ಬಾಳಿದ ಊರಿನ ಮ್ಯಾಜಿಸ್ಟ್ರೇಟರ ಮುಂದೆ ಜೀವನಾಂಶಕ್ಕೆ ಅರ್ಜಿ ಕೊಡಬಹುದು. ಸಂತೆಗೆ ಬಂದಾಗ ಇಲ್ಲಿಯೇ ಅವನ ಕೈಗೆ ಸಮನ್ಸು ಕೊಡಬಹುದು. ಆದರೆ ಒಂದು ಮಾತು ಅಕಿ ನೆನಪಿಡಬೇಕು ಎಂದು ಪ್ಲೀಡರಮ್ಮ ಮೊರವನ್ನು ಕೆಳಗಿಟ್ಟರು. "ಕೋರ್ಟಿನ್ಯಾಗ ಅವ ಸಂಭಾವಿತನಂಗ 'ಬಾ, ಇಟ್ಕೋತೀನಿ' ಅಂತಾನ. ಬರೇ ಒಲ್ಲೆ ಅಂದ್ರ ಅರ್ಜಿ ಬಿದ್ದು ಹೋಗ್ತದ. ಯಾಕ ಒಲ್ಲೆ ಅಂತ ಹೇಳ್ಬೇಕು. ಎಲ್ರ ಮುಂದ, ನಾಚಿಕಿ ಬಿಟ್ಟು ಹೇಳ್ಬೇಕು. ಅರ್ಜಿಗೆ ಸಹಿ ಹಾಕ್ಲಿಕ್ಕೆ ಅಕೀನ ಬರ್ಬೇಕಾಗ್ತದ. ನಾಳಿಗೆ ಅಕಿನ್ನ ಕರ್ಕೊಂಡು ಬಾ."

ಮರುದಿನ ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋದೆ. ಕೈಯಲ್ಲಿ ಹಾಲಿನ ಚರಿಗೆ ಇರಲಿಲ್ಲ, ಜೊತೆಗೆ ಯಾರೂ ಇರಲಿಲ್ಲ. ಹಿತ್ತಲ ಬಾಗಿಲಲ್ಲಿ ನಿಂತೆ. ಪ್ಲೀಡರಮ್ಮ ಬಂದು ನನ್ನನ್ನು ಒಮ್ಮೆ ನೋಡಿದರು. "ಬಂದ್ಲೇನು ಅಕಿ? ಬಾ ಅನ್ನು ಒಳಗ" ಎಂದು ಬಾಗಿಲು ಪೂರಾ ತೆಗೆದರು. ಅಷ್ಟೇ. ಅಯ್ಯೋ ನೀನೇನಾ ಎನ್ನಲಿಲ್ಲ, ಮೊದಲೇ ಗೊತ್ತಿತ್ತು ಎನ್ನಲಿಲ್ಲ. ನನ್ನ ಮಾನ ಕಾಯ್ದ ಆ ಎರಡು ಮಾತಿಗೆ ನಾನು ಇಂದಿಗೂ ಋಣಿ.

ಕೋರ್ಟಿನಲ್ಲಿ ನನ್ನ ಪರವಾಗಿ ನಿಂತವರು ಅವರ ಯಜಮಾನರೇ. ಗಂಡ ಪ್ಲೀಡರಮ್ಮ ಹೇಳಿದ ಹಾಗೆಯೇ ಸಂಭಾವಿತನಾಗಿ ಕೈಮುಗಿದು, "ಬರ್ಲಿ ಸ್ವಾಮಿ, ಇಟ್ಕೋತೀನಿ" ಅಂದ. ಮ್ಯಾಜಿಸ್ಟ್ರೇಟರು ನನ್ನ ಕಡೆ ತಿರುಗಿದರು. ಕೊಟ್ಟಿಗೆಯ ಕಥೆ, ಬರೆ ಬೀಳುವಂತೆ ಹೊಡೆದ ಕಥೆ ಹೇಳಿದೆ. ಭುಜದ ಮೇಲಿನ ಬರೆಯನ್ನು ತೋರಿಸು ಎಂದರು. ಅಷ್ಟು ಗಂಡಸರ ನಡುವೆ ಸೆರಗು ಸರಿಸಿದೆ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು, ಯಾರೋ ನಕ್ಕರು... ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅರ್ಜಿ ನನ್ನ ಕಡೆ ಆಯಿತು. ತಿಂಗಳ ಹಣ ತಪ್ಪಿದರೆ ಕಂಪ್ಲಿಯಲ್ಲಿರುವ ಎತ್ತು ಬಂಡಿ ಜಪ್ತಿಯಾಗುತ್ತದೆ ಎಂದು ಪ್ಲೀಡರು ಅವನ ಕಿವಿಗೆ ಬೀಳುವಂತೆ ಹೇಳಿದರು. ಹೆಂಡತಿ ಹೋದರೆ ಹೋಗಲಿ, ಎತ್ತು ಹೋಗಬಾರದು ಎನ್ನುವ ಜಾತಿ ಅವನದು. ತಪ್ಪದೆ ಕಳಿಸಿದ. ಅದರ ಆಸರೆಯಲ್ಲೇ ನಾನು ಮದುವೆಗೆ ನಿಂತಿದ್ದ ಓದು ಮುಂದುವರಿಸಿ, ಹುಡುಗಿಯರ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರಾದೆ.

ಆಮೇಲೆ ಕೆಲವು ವರ್ಷಕ್ಕೆ ಓಣಿಯಲ್ಲಿ ಗುಸುಗುಸು ಎದ್ದಿತು. ಪ್ಲೀಡರ ಮನೆಯಲ್ಲಿ ಮಕ್ಕಳಿರಲಿಲ್ಲ. ಪ್ಲೀಡರು ಇನ್ನೊಂದು ಮದುವೆಯಾಗುತ್ತಾರಂತೆ, ಹೆಣ್ಣು ಗೊತ್ತಾಗಿದೆಯಂತೆ. ಆಗ ಅದಕ್ಕೆ ಅಡ್ಡಿಯಿರಲಿಲ್ಲ. ಗಂಡ ಎರಡನೆಯವಳನ್ನು ತಂದ ಎಂಬ ಒಂದೇ ಕಾರಣಕ್ಕೆ ಮೊದಲಿನವಳು ಬೇರೆ ಇದ್ದು ಜೀವನಾಂಶ ಕೇಳಿದರೆ ಸಿಗುವುದು ಕಷ್ಟ. ಹೊಡೆದ ಬಡಿದ ಸಾಕ್ಷಿ ಬೇಕು. ಈ ಮಾತನ್ನು ಎಷ್ಟು ಹೆಂಗಸರಿಗೆ ಪ್ಲೀಡರಮ್ಮನೇ ತಂದು ಹೇಳಿದ್ದರೋ. ಅವರ ಮೈಮೇಲೆ ತೋರಿಸಲು ಒಂದು ಬರೆಯೂ ಇರಲಿಲ್ಲ. ಪ್ಲೀಡರು ಕೈ ಎತ್ತುವ ಮನುಷ್ಯರಲ್ಲ. ನನ್ನನ್ನು ಉಳಿಸಿದವರು. ಅವರನ್ನು ಮನಸ್ಸಿನಲ್ಲಿ ಬೈಯಲೂ ನನಗೆ ಆಗುತ್ತಿರಲಿಲ್ಲ, ಬೈಯದಿದ್ದರೆ ಅದೂ ಸರಿ ಅನ್ನಿಸುತ್ತಿರಲಿಲ್ಲ.

ಒಂದು ಮಧ್ಯಾಹ್ನ ಪ್ಲೀಡರಮ್ಮ ನಮ್ಮ ಮನೆಗೆ ಬಂದರು. ಎಂದೂ ಬಂದವರಲ್ಲ. "ಎಮ್ಮಿ ಈದದಂತ, ಕರ ನೋಡಿ ಹೋಗೋಣಂತ ಬಂದೆ" ಎಂದರು. ಕರು ಎದುರಿಗೇ ಇತ್ತು, ಅದರ ಕಡೆ ತಿರುಗಿಯೂ ನೋಡಲಿಲ್ಲ. ಅವ್ವ ಕಂಬಳಿ ಹಾಸಿದಳು. ಕೂತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಆಮೇಲೆ ನನ್ನನ್ನೇ ನೋಡಿ ಹೇಳಿದರು.

"ನಮ್ಮ ಪೈಕಿ ಒಬ್ಬಾಕಿ ಅದಾಳ ತಂಗಿ. ಕಾನೂನಿನ ಮಾತಲ್ಲ, ಅದು ಅಕಿಗೆ ಗೊತ್ತದ. ಸೋತ್ರೂ ಸೋಲ್ಲಿ, ಒಂದ್ಸಲ ಕೋರ್ಟಿಗೆ ಹೋಗಿ ಹೇಳೇ ಬಿಡಬೇಕು ಅಂತಾಳ. ಆದ್ರ ಅಂಜಿಕಿ. ಅಷ್ಟು ಮಂದಿ ಗಂಡಸ್ರ ಮುಂದ ನಿಂತಾಗ ಕಾಲು ನಡಗ್ತಾವೇನು ಅಂತ ನಿನ್ನ ಕೇಳ್ಕೊಂಡು ಬಾ ಅಂದ್ಳು."

ಆ ಮನೆಯಲ್ಲಿ ಇಷ್ಟು ವರ್ಷ ಎಲ್ಲರ ಪ್ರಶ್ನೆಯನ್ನೂ ಗಂಡನ ಎಲೆಯ ಮುಂದೆ ಇಟ್ಟವರಿಗೆ, ಈ ಒಂದು ಪ್ರಶ್ನೆ ಇಡಲು ಜಾಗವಿರಲಿಲ್ಲ. ಹೇಗೆ ಹೇಳಿದರೆ ಸರಿ ಎಂದು ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಒಲೆಯ ಕಡೆಯಿಂದ ಅವ್ವ ಎದ್ದು ಬಂದಳು. ಅವಳ ಕಣ್ಣಲ್ಲಿ ನೀರಿತ್ತು.

"ನಮ್ಮ ಮುಂದ ಯಾಕ್ರಿ ಅಮ್ಮಾರ ಮುಚ್ಚುಮರಿ? ಸಾಹೇಬ್ರು ಇನ್ನೊಂದು ಮಾಡ್ಕೊಳೋದು ಓಣಿಗೆಲ್ಲಾ ಗೊತ್ತದ. ನೀವು ಅಂಜಬ್ಯಾಡ್ರಿ. ನನ್ ಮಗಳು ನಿಮ್ ಸಂಗಾಟ ಕೋರ್ಟಿಗೆ ಬರ್ತಾಳ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪ್ಲೀಡರಮ್ಮನ ಮುಖ ಬಣ್ಣಗೆಟ್ಟಿತು. ಓಣಿಗೆಲ್ಲಾ ಎನ್ನುವ ಮಾತೇ ಅವರಿಗೆ ಹೊಡೆದಿರಬೇಕು. ಸೆರಗನ್ನು ಬಿಟ್ಟು, ನೆಲಕ್ಕೆ ಕೈಯೂರಿ ಎದ್ದರು. "ನಂದಲ್ಲವ್ವ. ನಮ್ಮ ಪೈಕಿ ಒಬ್ಬಾಕೀದು" ಎಂದರು. ದನಿ ಎತ್ತರಿಸಲಿಲ್ಲ. ಅವ್ವ ಇಟ್ಟ ಬಾಳೆಹಣ್ಣನ್ನು ಮರ್ಯಾದೆಗೆ ಕೈಯಲ್ಲಿ ಹಿಡಿದುಕೊಂಡು ಹೊರಟುಹೋದರು. ನಾನು ಹಿಂದೆ ಓಡಬೇಕಿತ್ತೋ ಏನೋ. ಓಡಲಿಲ್ಲ.

"ನಾ ಏನು ಸುಳ್ಳು ಅಂದೆ?" ಎಂದು ಅವ್ವ ಸಾಯುವವರೆಗೂ ಕೇಳುತ್ತಿದ್ದಳು. ಸುಳ್ಳು ಅಂದಿರಲಿಲ್ಲ. ಆದರೆ ನಮ್ಮ ಸರದಿ ಬಂದಾಗ ಅವರು ನಮಗೆ ಕೊಟ್ಟ ಮರೆಯನ್ನು, ಅವರ ಸರದಿಯಲ್ಲಿ ನಮ್ಮ ಮನೆ ಕೊಡಲಿಲ್ಲ. ಅವ್ವನ ಮರುಕ ನಿಜವಾದದ್ದೇ. ಅದರ ಅಡಿಯಲ್ಲಿ, ಅಮ್ಮಾರಿಗೂ ನಮ್ಮ ಗತಿಯೇ ಬಂತಲ್ಲ ಎಂಬ ಒಂದು ಸಣ್ಣ ಸಮಾಧಾನವೂ ಇತ್ತೇನೋ. ನನ್ನ ಹೆತ್ತವಳ ಬಗ್ಗೆ ಹೀಗೆ ಬರೆಯಲು ನಾಚಿಕೆಯಾಗುತ್ತದೆ. ನನ್ನೊಳಗೆ ಅದು ಇರಲೇ ಇಲ್ಲ ಎಂದು ಆಣೆ ಮಾಡಲಾರೆ.

ಮರುದಿನದಿಂದ ಹಾಲು ತೆಗೆದುಕೊಳ್ಳಲು ಹಿತ್ತಲ ಬಾಗಿಲಿಗೆ ಪ್ಲೀಡರಮ್ಮನ ಬದಲು ಕೆಲಸದವಳು ಬಂದಳು. ಸ್ವಲ್ಪ ದಿನಕ್ಕೆ ಹಾಲೇ ಬೇಡವೆಂದರು. ಪ್ಲೀಡರು ಮದುವೆಯಾದರು. ಹೊಸ ಹೆಂಡತಿಯನ್ನು ಆರತಿ ಹಿಡಿದು ಒಳಗೆ ಕರೆದುಕೊಂಡವರು ಪ್ಲೀಡರಮ್ಮನೇ ಎಂದು ಓಣಿ ಹೊಗಳಿತು, ಹೊಗಳುವುದಕ್ಕೆ ಓಣಿಗೇನು ಖರ್ಚು. ಹಿತ್ತಲಿಗೆ ಹೆಂಗಸರು ಹೋಗುವುದೂ ನಿಂತಿತು. ಹೋದರೂ ಅವರು, "ನಂಗೇನು ತಿಳೀತದವ್ವ" ಎಂದು ಕರಿಬೇವು ಕಿತ್ತು ಕೊಟ್ಟು ಕಳಿಸುತ್ತಿದ್ದರಂತೆ.

ಮತ್ತೆ ಅವರನ್ನು ಹತ್ತಿರದಿಂದ ಕಂಡದ್ದು ಹಂಪಿಯ ಹೊಳೆಯ ದಂಡೆಯಲ್ಲಿ. ಹರಿಗೋಲಿಗೆ ಕಾಯುತ್ತಿದ್ದರು. ಪಕ್ಕದಲ್ಲಿ ಎರಡನೆಯವಳ ಮಗು ಮರಳಲ್ಲಿ ಆಡುತ್ತಿತ್ತು. ತೀರಾ ಇಳಿದು ಹೋಗಿದ್ದರು. ಹೇಗಾದರೂ ಆ ಮಧ್ಯಾಹ್ನವನ್ನು ಸರಿಪಡಿಸಬೇಕು ಎನ್ನಿಸಿ, ಅವರು ಕಲಿಸಿದ ರೀತಿಯಲ್ಲೇ ಕೇಳಿದೆ.

"ಅಮ್ಮಾರ, ಅವತ್ತು ನಿಮ್ಮ ಪೈಕಿ ಒಬ್ಬಾಕಿ ಕೇಳಿದ್ಲಲ್ರಿ... ಅಕಿ ಹ್ಯಾಂಗದಾಳ್ರಿ ಈಗ?"

ಅವರು ನೀರಿನ ಕಡೆ ನೋಡಿದರು. ಸಿಟ್ಟಿರಲಿಲ್ಲ. "ಅಕಿ ಕೇಳೋದು ಬಿಟ್ಟಾಳ ತಂಗಿ" ಎಂದರು. ಹರಿಗೋಲು ಬಂತು. ಮಗುವಿನ ಮುಖದ ಮರಳು ಒರೆಸಿ, ಎತ್ತಿಕೊಂಡು ಹತ್ತಿದರು.

ಅವರು ತೀರಿಕೊಂಡ ಮೇಲೆ, ಬಹಳ ವರ್ಷವೇನೂ ಅಲ್ಲ, ಕಾನೂನು ಬದಲಾಯಿತು. ಗಂಡ ಇನ್ನೊಂದು ಮದುವೆಯಾದರೆ ಮೊದಲ ಹೆಂಡತಿ ಬೇರೆ ಇದ್ದು ಜೀವನಾಂಶ ಕೇಳಬಹುದು ಎಂದಾಯಿತು. ಮುಂದೆ ಎರಡನೆಯ ಮದುವೆಯೇ ಕೂಡದು ಎಂದಾಯಿತು. ಪತ್ರಿಕೆಯಲ್ಲಿ ಅದನ್ನು ಓದಿದ ದಿನ ನಾನು ಎದ್ದು ಚಪ್ಪಲಿ ಮೆಟ್ಟಿದ್ದೆ. ಯಾರಿಗೆ ಹೇಳಲು ಹೊರಟೆ ಎಂದು ಬಾಗಿಲಲ್ಲಿ ತಿಳಿಯಿತು. ಆ ಮನೆಯಲ್ಲಿ ಈಗ ಡ್ಯಾಮಿನ ಕಾಲುವೆ ಆಫೀಸಿನ ಯಾರೋ ಬಾಡಿಗೆಗಿದ್ದಾರೆ.

ಕಾನೂನು ತಡವಾಗಿ ಬಂದದ್ದು ನನ್ನ ಕೈಯಲ್ಲಿರಲಿಲ್ಲ. ಅವರು ನಮ್ಮ ಮನೆಯವರೆಗೆ ನಡೆದು ಬಂದು ಕೇಳಿದ್ದು ಕಾನೂನನ್ನೂ ಅಲ್ಲ. ಅವರು ಕೇಳಿದ್ದಕ್ಕೆ ಉತ್ತರ ಗೊತ್ತಿದ್ದವಳು ಓಣಿಯಲ್ಲಿ ನಾನೊಬ್ಬಳೇ. ಅವರು ಅದನ್ನು ಪಡೆಯದೆ ಹೋದರು. ಕಾಲು ನಡಗ್ತಾವ್ರಿ ಅಮ್ಮಾರ, ಭಾಳ ನಡಗ್ತಾವ. ನಿಮ್ಮ ಹೆಸ್ರೇನು ಅಂತ ಕೇಳೋತನ ನಡಗ್ತಾವ. ಹೆಸ್ರು ಹೇಳಿದ ಮ್ಯಾಲೆ ನಿಲ್ತಾವ.