ನೆರೇಯ್ದಾ ಬಾಯಿಪಾಠ ಬಿಟ್ಟದ್ದು

ನಮ್ಮ ಕಮಗ್ವೇಯ್ ಊರಿನ ಬಟ್ಟೆ ಗಿರಣಿಯಲ್ಲಿ ಮೂವತ್ತೆರಡು ವರ್ಷ ಮಗ್ಗದ ಸದ್ದಿನಲ್ಲಿ ನಿಂತು ನೆರೇಯ್ದಾಳ ಕಿವಿ ಮಂದವಾಗಿತ್ತು. ನಿವೃತ್ತಿಯಾದ ಮೇಲೆ ಚೌಕದಲ್ಲಿ ಡಾಮಿನೋ ಆಡುವವರ ಜೊತೆ ಕೂರಲು ಅವಳಿಗೆ ಆಗಲಿಲ್ಲ. ಅಲ್ಲಿ ಆಟಕ್ಕಿಂತ ಮಾತೇ ಹೆಚ್ಚು. ಎಲ್ಲರೂ ನಕ್ಕಾಗ ಇವಳೊಬ್ಬಳು ಅವರಿವರ ಮುಖ ನೋಡಬೇಕು. ಹಾಗಾಗಿ ಅರವತ್ತನೆಯ ವಯಸ್ಸಿನಲ್ಲಿ ಪಕ್ಕದ ಬೆಂಚಿನ ಚೆಸ್ಸಿಗೆ ಬಂದಳು.

ಯಾವುದೋ ಪುಸ್ತಕದಿಂದ ಆಟದ ಆರಂಭಗಳನ್ನು ನೋಟುಪುಸ್ತಕಕ್ಕೆ ಇಳಿಸಿಕೊಂಡು, ಒಂದೊಂದರಲ್ಲೂ ಹತ್ತು ಹನ್ನೆರಡು ನಡೆ ಬಾಯಿಪಾಠ ಮಾಡಿದಳು. ಸೈಕಲ್ ರಿಪೇರಿಯ ಓಸ್ಮಾನಿಯ ಎದುರು ಕೂತ ದಿನ ಅವಳ ಮೊದಲ ಮೂರು ನಡೆ ಪಾಠದಂತೆಯೇ ಸಾಗಿದವು. ಆಗ ಅವನು ಕುದುರೆಯನ್ನು ಮಣೆಯ ಅಂಚಿಗೆ ಹಾರಿಸಿ ಅವಳ ಒಂಟೆಗೆ ಗುರಿಯಿಟ್ಟ. ನೋಟುಪುಸ್ತಕದಲ್ಲಿ ಅದು ಇರಲಿಲ್ಲ. ಅವಳು ನೆನಪಿದ್ದ ನಾಲ್ಕನೆಯ ನಡೆಯನ್ನೇ ಆಡಿದಳು. ಒಂಟೆ ಹೋಯಿತು, ಸ್ವಲ್ಪ ಹೊತ್ತಿಗೆ ಆಟವೂ ಹೋಯಿತು.

"ಯಾಕಕ್ಕ, ಆ ಪುಟ ಹರಿದುಹೋಗಿತ್ತಾ?" ಎಂದ ಓಸ್ಮಾನಿ. ಅದು ಮಾತ್ರ ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

ಎರಡು ವಾರ ಅವಳು ಆ ಕಡೆ ಸುಳಿಯಲಿಲ್ಲ. ಕೊನೆಗೆ ನಮ್ಮ ಬೀದಿಯ ಮುದುಕ ಕ್ಷೌರಿಕ ಎವಾರಿಸ್ತೊ ಮಣೆ ಹಿಡಿದು ಅವಳ ಮನೆಗೇ ಹೋದ. ಜೊತೆಗೆ ನಾನೂ ಇದ್ದೆ. ಅವಳು ಕಾಫಿ ಕೊಟ್ಟು ನೋಟುಪುಸ್ತಕ ತಂದಳು. ಅವನು ಅದನ್ನು ಮುಚ್ಚಿಟ್ಟು, ಅವತ್ತಿನ ಆಟವನ್ನೇ ಮಣೆಯ ಮೇಲೆ ಜೋಡಿಸಿ, ಅವಳ ಬಲಗಿವಿಯ ಹತ್ತಿರ ಬಾಗಿದ.

"ಇಷ್ಟೊಂದು ಬೇಡ ತಾಯಿ. ಒಂದೇ ಆರಂಭ ಇಟ್ಕೋ. ಒಂದೊಂದು ನಡೆಗೂ ಯಾಕೆ ಅಂತ ಕೇಳ್ಕೋ. ಈ ಒಂಟೆ ಇಲ್ಲಿಗ್ಯಾಕೆ ಬಂತು?"

"ಪುಸ್ತಕದಲ್ಲಿತ್ತು."

"ಪುಸ್ತಕದೋನು ಯಾಕಿಟ್ಟ?"

ಅವಳು ಒಂಟೆಯ ದಾರಿಯನ್ನು ಬೆರಳಿಂದ ಎಳೆದು ನೋಡಿದಳು. "ಮಣೆ ನಡುವಿನ ಮೇಲೆ ಕಣ್ಣಿಡೋಕೆ. ರಾಜ ಆನೆ ಮರೆಗೆ ಹೋಗೋಕೆ ಜಾಗ ಆಗ್ಲಿ ಅಂತಾನೂ."

"ಸರಿ. ಈಗ ಓಸ್ಮಾನಿ ಕುದುರೆ. ಅದು ಎದ್ದು ಹೋಗೋ ಮುಂಚೆ ಯಾವುದಕ್ಕೆ ಕಾವಲಿತ್ತು?"

ಅವಳು ನೋಡಿದಳು. ಓಸ್ಮಾನಿಯ ನಡುವಿನ ಕಾಲಾಳು ಕಾವಲಿಲ್ಲದೆ ನಿಂತಿತ್ತು. "ಇಷ್ಟೇನಾ," ಎಂದು ತನ್ನನ್ನೇ ಬೈದುಕೊಂಡಳು.

ಒಂದು ತಿಂಗಳು ಅವರಿಬ್ಬರೂ ಅದೊಂದೇ ಆರಂಭ ಆಡಿದರು. ಆಮೇಲೆ ಓಸ್ಮಾನಿ ಮತ್ತೆ ಸಿಕ್ಕ, ಮತ್ತೆ ಕುದುರೆಯನ್ನು ಅಂಚಿಗೆ ಹಾರಿಸಿದ. ನೆರೇಯ್ದಾ ಕೈಗಳನ್ನು ಮಡಿಲಲ್ಲಿಟ್ಟು ಮಣೆಯ ನಡುವನ್ನೇ ನೋಡಿದಳು.

"ಪಾಠ ಮರೆತೋಯ್ತಾ ಅಕ್ಕ?"

ಅವಳು ತನ್ನ ಕುದುರೆಯಿಂದ ನಡುವಿನ ಕಾಲಾಳನ್ನು ಹೊಡೆದಳು. ಅವನು ಒಂಟೆಯನ್ನು ತಿಂದ. ಒಂಟೆ ತಿಂದ ಆ ಕುದುರೆಯನ್ನೇ ಅವಳು ತಿಂದಳು. ಉಳಿದದ್ದು ಒಂದೇ ಕಾಲಾಳಿನ ಮೇಲುಗೈ. ಎರಡು ಗಂಟೆ ಕಳೆದ ಮೇಲೆ ಅವಳ ಕಾಲಾಳೊಂದು ಕೊನೆಯ ಸಾಲು ಮುಟ್ಟಿ ರಾಣಿಯಾಯಿತು, ಆಟ ಅವಳದಾಯಿತು.

ಓಸ್ಮಾನಿ ಕಾಯಿಗಳನ್ನು ಮತ್ತೆ ಜೋಡಿಸುತ್ತಾ, "ಇನ್ನೊಂದು ಆಡಣ ಬಾ," ಎಂದ.

ಆ ಎರಡನೆಯ ಆಟ ಅವಳು ಸೋತಳು. ಮರುದಿನ ಬೆಳಿಗ್ಗೆ ನಾನು ಹೋದಾಗ ಅದನ್ನೇ ಮತ್ತೆ ಜೋಡಿಸಿಟ್ಟುಕೊಂಡು, ಎಂಟನೆಯ ನಡೆಯಲ್ಲಿ ತಾನು ಏನು ಕಾಣದೆ ಹೋದೆ ಎಂದು ಹುಡುಕುತ್ತಿದ್ದಳು.